ಅವ್ವ ಹಚ್ಚಿದ ಟ್ಯೂಬ್

ಮೊಡವೆ ಹೋದರೆ ಕಷ್ಟ ಮುಗಿಯಿತು ಅಂದುಕೊಂಡಿದ್ದೆ. ಪಿಯುಸಿಯ ಎರಡು ವರ್ಷ ಗಲ್ಲದ ತುಂಬ ಎದ್ದು, ಕೀವಾಗಿ, ಒಡೆದ ಮೊಡವೆಗಳು ಬಿ.ಎ. ಸೇರುವ ಹೊತ್ತಿಗೆ ತಾವಾಗಿಯೇ ಕಡಿಮೆಯಾದವು. ಆದರೆ ಒಂದೊಂದೂ ಹೋಗುವಾಗ ತನ್ನ ಜಾಗದಲ್ಲಿ ಒಂದು ಕರಿ ಕಲೆ ಬಿಟ್ಟು ಹೋಯಿತು. ನನ್ನ ಮೈಬಣ್ಣ ಕಂದು. ಅದರ ಮೇಲೆ ಆ ಕಲೆಗಳು, ಒಲೆಯ ಹಿಂದಿನ ಗೋಡೆಗೆ ಒಗ್ಗರಣೆ ಸಿಡಿದ ಹಾಗೆ ಕಾಣುತ್ತಿದ್ದವು.

ಯರಗುಪ್ಪಿಯ ಬಾಜೂಕೆ ಇರುವ ನಮ್ಮೂರಿನಲ್ಲಿ ನನ್ನ ಮೋರೆ ನೋಡಿದವರೆಲ್ಲ ಡಾಕ್ಟರಾದರು. ಕಾಕಿ ಜಾಜಿಕಾಯಿ ಹಾಲಿನಲ್ಲಿ ತೇಯ್ದು ಹಚ್ಚು ಅಂದಳು. ದೊಡ್ಡವ್ವ ಲಿಂಬೆಹಣ್ಣು ಹಿಂಡಿಕೋ ಅಂದಳು. ಕಾಕಿ ಮಾತ್ರ ಲಿಂಬೆಹಣ್ಣು ಹಚ್ಚಿದರೆ ಮೋರೆ ಸುಟ್ಟುಹೋಗುತ್ತದೆ ಅಂತ ಹೆದರಿಸಿದಳು. ಗೆಳತಿಯೊಬ್ಬಳು ಮೊಬೈಲಿನಲ್ಲಿ ತೋರಿಸಿದ ಹೆಂಗಸು ಎರಡನ್ನೂ ಬೇಡವೆಂದು ಅಕ್ಕಿಹಿಟ್ಟು ತಿಕ್ಕಲು ಹೇಳಿದಳು. ನಾನು ಯಾರ ಮಾತನ್ನೂ ಬಿಡಲಿಲ್ಲ. ಸೋಮವಾರ ಜಾಜಿಕಾಯಿ, ಮಂಗಳವಾರ ಲಿಂಬೆ, ಬುಧವಾರ ಅಕ್ಕಿಹಿಟ್ಟು. ಯಾವುದರಿಂದ ಏನಾಯಿತು ಅಂತ ನನಗೇ ತಿಳಿಯದಂತೆ ಮಾಡಿಕೊಂಡೆ. ಕಲೆಗಳು ಮಾತ್ರ ಇನ್ನಷ್ಟು ಕಪ್ಪಾದವು.

ಕುಂದಗೋಳದ ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಓಢಣಿಯಿಂದ ಮೋರೆ ಕಟ್ಟಿಕೊಳ್ಳುತ್ತಿದ್ದೆ. ಧೂಳು ಅಂತ ಎಲ್ಲ ಹುಡುಗಿಯರೂ ಕಟ್ಟಿಕೊಳ್ಳುತ್ತಾರೆ, ಅದು ಯಾರ ಕಣ್ಣಿಗೂ ಬೀಳಲಿಲ್ಲ. ಕ್ಲಾಸಿನಲ್ಲೂ ಬಿಚ್ಚದಿದ್ದಾಗ ಬಿತ್ತು. ಮೇಡಂ ಒಬ್ಬರು ಜ್ವರವೇ ಅಂತ ಕೇಳಿದರು, ಹೌದು ಅಂದೆ. ಆ ಜ್ವರ ಹದಿನೈದು ದಿನ ಇಳಿಯಲಿಲ್ಲ. ಒಂದು ದಿನ ಮನೆಗೆ ಬಂದು, ಇನ್ನು ಕಾಲೇಜಿಗೆ ಹೋಗುವುದಿಲ್ಲ ಅಂತ ಓಢಣಿಯನ್ನು ಗೂಟಕ್ಕೆ ಎಸೆದೆ.

ಅವ್ವ ಹೆದರಿದ್ದು ಆಗಲೇ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ಅವಳು. ನನ್ನ ಕಲೆ ಅವಳಿಗೆ ದೊಡ್ಡದಲ್ಲ, ನನ್ನ ಕಾಲೇಜು ದೊಡ್ಡದು.

"ಮಾರಿಗೆ ಔಷಧ ಐತಿ, ಬಿಟ್ಟ ಸಾಲಿಗೆ ಎಲ್ಲೈತಿ? ನಡಿ, ಹುಬ್ಬಳ್ಳಿಗೆ ಹೋಗೂಣು" ಅಂದಳು.

ಹುಬ್ಬಳ್ಳಿಯ ಚರ್ಮದ ಡಾಕ್ಟರು ಹೆಂಗಸು, ಸಮಾಧಾನದವರು. ನಮ್ಮ ಬಣ್ಣದ ಚರ್ಮ ಸಣ್ಣ ಗಾಯವನ್ನೂ ಬಹಳ ದಿನ ನೆನಪಿಡುತ್ತದೆ, ಅವಸರ ಮಾಡಿದಷ್ಟೂ ಕಲೆ ಹೆಚ್ಚುತ್ತದೆ ಅಂದರು. ಜಾಜಿಕಾಯಿ, ಲಿಂಬೆ, ಹಿಟ್ಟು ಎಲ್ಲ ಬಂದ್. ಬಿಸಿಲಿಗೆ ಹೋಗುವಾಗ ಒಂದು ಕ್ರೀಮು, ಸಂಜೆಗೆ ಒಂದು ಟ್ಯೂಬ್. "ತಿಕ್ಕಬಾರದು. ಮೊದಮೊದಲು ಸ್ವಲ್ಪ ಉರೀತದ, ಹೆದರಬ್ಯಾಡ್ರಿ" ಅಂದರು.

ಅವ್ವ ಆ ಎರಡು ಮಾತನ್ನು ಗಂಟು ಹಾಕಿಕೊಂಡು ಬಂದಳು. ತಿಕ್ಕಬಾರದು, ಸ್ವಲ್ಪ ಉರಿಯುತ್ತದೆ. ಮನೆಗೆ ಬಂದವಳೇ ಟ್ಯೂಬನ್ನು ತನ್ನ ವಶಕ್ಕೆ ತೆಗೆದುಕೊಂಡಳು.

"ನೀ ಹಚ್ಚಿಕೊಂಡ್ರ ತಿಕ್ಕತಿ, ನಿನ್ನ ಸಿಟ್ಟು ನನಗ ಗೊತ್ತಿಲ್ಲೇನು? ನಾ ಹಚ್ಚತೀನಿ."

ಅದು ಮೆಣಸಿನಕಾಯಿ ಸುಗ್ಗಿ. ಅವ್ವ ದಿನವಿಡೀ ಊರ ವ್ಯಾಪಾರಿಯೊಬ್ಬರ ಪಡಸಾಲೆಯಲ್ಲಿ ಹತ್ತು ಹೆಂಗಸರ ಜೊತೆ ಕೂತು ಒಣ ಮೆಣಸಿನಕಾಯಿಯ ತುಂಬು ಬಿಡಿಸುತ್ತಿದ್ದಳು. ಅಂದರೆ ಒಂದೊಂದೇ ಕಾಯಿ ಹಿಡಿದು ತೊಟ್ಟು ಮುರಿದು ಬೇರೆ ಮಾಡುವ ಕೆಲಸ. ನಮ್ಮ ಕಡೆಯ ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆ ವರ್ಷ ವ್ಯಾಪಾರಿ ಖಾರದ ಗುಂಟೂರು ಕಾಯಿಯನ್ನೂ ತರಿಸಿದ್ದರು. ಸಂಜೆ ಅವ್ವ ಬಂದು, ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದು, ದೇವರ ಮುಂದೆ ದೀಪ ಹಚ್ಚಿ, ಆಮೇಲೆ ನನ್ನನ್ನು ಎದುರಿಗೆ ಕೂಡಿಸಿಕೊಂಡು ಬೆರಳ ತುದಿಯಿಂದ ಒಂದೊಂದು ಕಲೆಗೂ ಬೊಟ್ಟಿಡುವ ಹಾಗೆ ಟ್ಯೂಬ್ ಹಚ್ಚುತ್ತಿದ್ದಳು. ಅಷ್ಟು ಹಗುರಾಗಿ ಅವಳು ಇನ್ನೇನನ್ನೂ ಮುಟ್ಟಿದ್ದನ್ನು ನಾನು ನೋಡಿಲ್ಲ.

ಉರಿಯಿತು. ಸ್ವಲ್ಪ ಅಲ್ಲ, ಕಣ್ಣಲ್ಲಿ ನೀರು ಬರುವಷ್ಟು.

"ಹತ್ತತೈತಿ, ಹತ್ತತೈತಿ. ಡಾಕ್ಟರಬಾಯಿ ಅಂದಿದ್ದಿಲ್ಲೇನು?" ಅನ್ನುತ್ತ ಅವ್ವ ಗಾಳಿ ಊದುತ್ತಿದ್ದಳು. ಔಷಧ ಕೆಲಸ ಮಾಡುತ್ತಿದೆ ಅಂತ ನನಗೂ ಒಳಗೊಳಗೆ ಖುಷಿ. ಅಮಾವಾಸ್ಯೆಯ ದಿನ ಕೂಲಿ ಬಿಡುವು, ಅವ್ವ ಇಡೀ ದಿನ ಮನೆಯಲ್ಲಿ. ಅವತ್ತು ಹಚ್ಚಿದಾಗ ಉರಿ ಇರಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ಯಾಕ ಇವತ್ತ ಹತ್ತವಲ್ದು?" ಅಂತ ಅವ್ವ ಇನ್ನೊಂದು ಸಲ ದಪ್ಪಗೆ ಹಚ್ಚಿದಳು. ಮರುದಿನ ಕೆಲಸಕ್ಕೆ ಹೋಗಿ ಬಂದು ಹಚ್ಚಿದಾಗ ಮತ್ತೆ ಉರಿ ಬಂತು. ಇಬ್ಬರಿಗೂ ಸಮಾಧಾನವಾಯಿತು. ಈಗ ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಒಂದೂವರೆ ತಿಂಗಳಲ್ಲಿ ಗಲ್ಲ ಕೆಂಪಾಗಿ, ಸಿಪ್ಪೆ ಎದ್ದು, ಹಳೆಯ ಕಲೆಗಳ ನಡುವೆ ಹೊಸ ಕಲೆಗಳು ಕೂಡಿಕೊಂಡವು. ಒಬ್ಬಳೇ ಹುಬ್ಬಳ್ಳಿಗೆ ಹೋದೆ. ಡಾಕ್ಟರು ದೀಪ ಹಿಡಿದು ನೋಡಿದರು, ಚೀಟಿ ನೋಡಿದರು, ಟ್ಯೂಬ್ ತಾವು ಬರೆದದ್ದೇ ಹೌದೋ ಅಂತ ನೋಡಿದರು. ಅವರಿಗೂ ಗೊಂದಲ. ದಿನಾ ಉರಿಯುತ್ತದೆಯೇ ಅಂತ ಕೇಳಿದರು. ಅಮಾವಾಸ್ಯೆಗೆ ಉರಿಯಲಿಲ್ಲ ಅಂದೆ. ಪೆನ್ನು ಕೆಳಗಿಟ್ಟರು.

"ಹಚ್ಚೋರು ಯಾರು?"

"ನಮ್ಮವ್ವರಿ."

"ಅವರೇನು ಕೆಲಸ ಮಾಡ್ತಾರ?"

ಹೇಳುವಷ್ಟರಲ್ಲಿ ನನಗೇ ತಿಳಿಯಿತು. ಸಾಬೂನಿನಿಂದ ಅಷ್ಟು ಸುಲಭಕ್ಕೆ ಖಾರ ಹೋಗುವುದಿಲ್ಲ, ಚರ್ಮದಲ್ಲಿ ಉಳಿಯುತ್ತದೆ, ವರ್ಷಗಟ್ಟಲೆ ಅದೇ ಕೆಲಸ ಮಾಡಿದವರಿಗೆ ತಮ್ಮ ಕೈ ಉರಿಯುವುದು ಗೊತ್ತೇ ಆಗಲಿಕ್ಕಿಲ್ಲ ಅಂತ ಡಾಕ್ಟರು ಹೇಳುತ್ತಿದ್ದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಹುಡುಕಿದೆ, ಸಿಗಲಿಲ್ಲ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಹೇಳಿದರೆ ಅವಳು ಆ ಕೈಯನ್ನು ಏನು ಮಾಡಿಕೊಂಡಾಳು? ಹೇಳದಿದ್ದರೆ ಸಂಜೆಗೆ ಮತ್ತೆ ಹಚ್ಚುತ್ತಾಳೆ. ಊರು ಬಂದರೂ ತೀರ್ಮಾನವಾಗಲಿಲ್ಲ. ಕೊನೆಗೆ ಸುಳ್ಳು ಹೇಳಿದೆ.

"ಟ್ಯೂಬ್ ನಾನ ಹಚ್ಚಿಕೋಬೇಕಂತ ಬೇ. ಡಾಕ್ಟರು ಅಂದಾರ."

"ಯಾಕ? ನನ್ನ ಕೈಗೇನಾಗೇತಿ?"

ಏನೂ ಇಲ್ಲ ಅಂದೆ. ಬಾಯಿ ಹಾಗಂದರೂ ಹಾಳು ಕಣ್ಣು ಸೀದಾ ಅವಳ ಬೆರಳುಗಳ ಮೇಲೆ ಹೋಯಿತು. ಅವ್ವ ನನ್ನ ಕಣ್ಣನ್ನು ನೋಡಿದಳು, ತನ್ನ ಕೈ ನೋಡಿದಳು. ಮೂಸಿದಳು. ಆಮೇಲೆ ತೋರುಬೆರಳನ್ನು ಮೆಲ್ಲಗೆ ತನ್ನ ಕಣ್ಣಿನ ಮೂಲೆಗೆ ಒತ್ತಿಕೊಂಡಳು. ತಡೆಯುವಷ್ಟು ಹೊತ್ತೂ ಸಿಗಲಿಲ್ಲ. ನೀರು ದಳದಳ ಇಳಿಯಿತು.

"ನನಗೇನೂ ಆಗವಲ್ದಲ್ಲ" ಅಂದಳು, ಸೆರಗಿನಿಂದ ಒರೆಸಿಕೊಳ್ಳುತ್ತ. ಅದು ಖಾರದ ನೀರೋ ಬೇರೆಯದೋ, ನಾನು ಕೇಳಲಿಲ್ಲ. ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ಟ್ಯೂಬ್ ಶುರುವಾದ ಮೇಲೆ ನಾನು ಮತ್ತೆ ಕಾಲೇಜಿಗೆ ಹೋಗತೊಡಗಿದ್ದೆ. ಹೊರಡುವಾಗ ಅವ್ವ ದಿನಾ ನನ್ನ ದೃಷ್ಟಿ ತೆಗೆಯುತ್ತಿದ್ದಳು. ಎರಡೂ ಅಂಗೈಗಳನ್ನು ನನ್ನ ಗಲ್ಲದ ಮೇಲೆ ಸವರಿ, ಬೆರಳುಗಳನ್ನು ತನ್ನ ಕಿವಿಯ ಹತ್ತಿರ ಒತ್ತಿ ಲಟಲಟ ನೆಟಿಗೆ ಮುರಿಯುವುದು. ಕಲೆ ತುಂಬಿದ ಮೋರೆಗೆ ಯಾರ ದೃಷ್ಟಿ ತಾಗೀತು ಅಂತ ನಾನು ರೇಗುತ್ತಿದ್ದೆ, ಅವಳು ಬಿಡುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಕೈ ಎತ್ತಿದವಳು ಗಲ್ಲದ ಹತ್ತಿರ ಬಂದು ನಿಂತಳು. ಕೈ ತಿರುಗಿಸಿ, ಹಿಂಗೈಯಿಂದ ಸವರಿದಳು. ನೆಟಿಗೆ ಮುರಿಯಲು ಹೋದರೆ ಒಂದೂ ಸರಿಯಾಗಿ ಮುರಿಯಲಿಲ್ಲ.

ಅದಾಗಿ ಮೂರು ವರ್ಷ. ಕಾಲೇಜು ಬಿಡಲಿಲ್ಲ, ಮುಗಿಸಿದೆ. ಕಲೆಗಳು ಹೋದವು, ಅದೂ ಒಮ್ಮೆಲೇ ಅಲ್ಲ. ಯಾವಾಗ ಹೋದವು ಅಂತ ಕೇಳಿದರೆ ಹೇಳಲಾರೆ. ಬಲಗಲ್ಲದ ಮೂಳೆಯ ಕೆಳಗೆ ಒಂದು ಮಾತ್ರ ಉಳಿದಿದೆ. ಕೆಲವು ಹಾಗೇ, ಸಮಯ ತಗೊಳ್ಳುತ್ತವೆ ಅಂತ ಡಾಕ್ಟರು ಹೇಳಿದ್ದಾರೆ. ಅವ್ವ ತುಂಬು ಬಿಡಿಸುವುದನ್ನು ಬಿಟ್ಟು ಎರಡು ಸುಗ್ಗಿ ಕಳೆದವು, ಸೊಂಟ ನೋವು ಅಂತ ಕಾರಣ ಹೇಳುತ್ತಾಳೆ. ಆದರೂ ನಾನು ಎಲ್ಲಿಗೆ ಹೊರಟರೂ ದೃಷ್ಟಿ ತೆಗೆಯಲು ನನ್ನ ಮೋರೆಗೆ ಬರುವುದು ಹಿಂಗೈಯೇ.

ಹೋದ ವಾರ ತಡೆಯಲಾಗಲಿಲ್ಲ. ಹುಬ್ಬಳ್ಳಿಗೆ ಹೊರಡುವ ಹೊತ್ತಿಗೆ ಅವಳ ಕೈ ಹಿಡಿದು ತಿರುಗಿಸಿ, ಅಂಗೈಯನ್ನು ಬಲಗಲ್ಲದ ಮೇಲೆ ಇಟ್ಟುಕೊಂಡೆ. ಅವ್ವ ಕೈ ಬಿಗಿ ಮಾಡಿ, ಮುಟ್ಟಿಯೂ ಮುಟ್ಟದಂತೆ ನಿಂತಳು.

"ಉರೀತೈತೇನ?"

"ಇಲ್ಲ ಬೇ."

"ಖರೇ ಹೇಳು."

"ಖರೇನ ಇಲ್ಲ."

ಮೆಲ್ಲಗೆ ಕೈ ತೆಗೆದು, ಉಳಿದಿದ್ದ ಆ ಒಂದು ಕಲೆಯನ್ನು ಬಹಳ ಹೊತ್ತು ನೋಡಿದಳು.

"ಇದು ನಿನ್ನ ಮೊಡವಿದೋ, ನನ್ನ ಕೈದೋ?" ಅಂತ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಮೊಡವೆಯದು ಅಂದೆ.