ಹಲ್ಲಣ್ಣ ಸಮುದ್ರದ ಊರಿಗೆ ಹೋದ ಬಗೆ

ಆ ಊರಿನಲ್ಲಿ ಅರವತ್ತು ದಾಟಿದವರು ಯಾರಾದರೂ ಬಾಯಿ ತುಂಬ ನಕ್ಕರೆ, ಆ ನಗುವಿನಲ್ಲಿ ಅರ್ಧ ಪಾಲು ಹಲ್ಲಣ್ಣನದು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಬ್ಯಾಂಕಿನ ಪುಸ್ತಕದಿಂದಾಚೆ ಅದಕ್ಕೆ ಚಲಾವಣೆ ಇರಲಿಲ್ಲ. ಹಲ್ಲಿನ ಡಾಕ್ಟರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತೆರಡು ವರ್ಷ ಅವನು ಹಲ್ಲುಸೆಟ್ಟು ಮಾಡಿದ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕೊಟ್ಟರೆ ಮುಗಿಯಿತು. ಅದಕ್ಕೆ ಪ್ಲಾಸ್ಟರು ಹುಯ್ದು ದವಡೆ ಮಾಡುವುದು, ಮೇಣದಲ್ಲಿ ಒಸಡು ಕಟ್ಟುವುದು, ಒಂದೊಂದೇ ಹಲ್ಲು ಕೂರಿಸುವುದು, ಅರ ಹಾಕಿ ಉಜ್ಜಿ ಹೊಳಪು ಕೊಡುವುದು, ಎಲ್ಲ ಅವನದೇ. ಕೆಲಸ ಶುರು ಮಾಡುವ ಮುಂಚೆ ಮುಂದಿನ ಕೋಣೆಗೆ ಬಂದು ಮುದುಕರ ಮುಖವನ್ನು ಒಂದು ಗಳಿಗೆ ಸುಮ್ಮನೆ ನೋಡಿ ಹೋಗುತ್ತಿದ್ದ. "ಎಲ್ಲ ಹಲ್ಲೂ ಒಂದೇ ಸಾಲಿಗೆ ಇಟ್ರೆ ಬಾಯಿ ಆಗಲ್ಲ, ಬೇಲಿ ಆಗುತ್ತೆ" ಎಂದು ಒಂದು ಹಲ್ಲನ್ನು ಬೇಕೆಂದೇ ಕೂದಲೆಳೆಯಷ್ಟು ಸೊಟ್ಟ ಕೂರಿಸುತ್ತಿದ್ದ. ಹಾಕಿಕೊಂಡವರನ್ನು ನೆಂಟರು "ಇದು ನಿನ್ನ ಸ್ವಂತದ್ದೇನಾ?" ಎಂದು ಕೇಳಿದರೆ ಅವನಿಗೆ ಹಬ್ಬ.

ಮಾತು ಮಾತ್ರ ಕಡಿಮೆ. "ಊರವರ ಬಾಯಿ ಮಾಡಿ ಮಾಡಿ ಇವರ ಬಾಯಿ ಸವೆದುಹೋಗಿದೆ" ಎಂದು ಹೆಂಡತಿ ನಗುತ್ತಿದ್ದಳು.

ಹೆಂಡತಿಗೂ ಬೀದಿಯವರು ಒಂದು ಹೆಸರು ಇಟ್ಟಿದ್ದರು: ಅರ್ಧ ನರ್ಸು. ಮದುವೆಗೆ ಮುಂಚೆ ಅವಳು ನರ್ಸಿಂಗ್ ತರಬೇತಿಗೆ ಸೇರಿದ್ದಳು. ಮದುವೆಯಾದ ಮೇಲೂ ಹೋಗಿ ಮುಗಿಸುವುದೆಂದು ಮಾತಾಗಿತ್ತು. ಆದರೆ ಮದುವೆಯಾಗಿ ಎರಡು ತಿಂಗಳಿಗೆ ಹಲ್ಲಣ್ಣನ ತಾಯಿ ಹಾಸಿಗೆ ಹಿಡಿದರು. ನೋಡಿಕೊಳ್ಳಲು ಬೇರೆ ಯಾರಿದ್ದಾರೆ? ಅವಳು ಪುಸ್ತಕ ಮಡಿಸಿಟ್ಟು ನಾಲ್ಕು ವರ್ಷ ಅತ್ತೆಯ ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದಳು. ಅತ್ತೆ ತೀರಿಕೊಂಡರು, ಮಗಳು ಹುಟ್ಟಿದಳು, ತರಬೇತಿ ಅರ್ಧದಲ್ಲೇ ಉಳಿಯಿತು. ಬೀದಿಯಲ್ಲಿ ಯಾರಿಗೆ ಕಾಲು ತರಚಿದರೂ, ಯಾರಿಗೆ ಜ್ವರ ಬಂದರೂ ಇವಳ ಬಾಗಿಲಿಗೇ. ಪಟ್ಟಿ ಕಟ್ಟಿಸಿಕೊಂಡು ಹೋಗುವವರು ಪ್ರೀತಿಯಿಂದಲೇ ಅರ್ಧ ನರ್ಸಮ್ಮ ಎನ್ನುತ್ತಿದ್ದರು. ಅವಳು ನಗುತ್ತಿದ್ದಳು. ಆ ಹೆಸರಿನಲ್ಲಿ 'ಅರ್ಧ' ಎಂಬ ಮಾತು ತನ್ನ ಮನೆಯಿಂದ ಬಂದದ್ದೆಂದು ಹಲ್ಲಣ್ಣನಿಗೆ ಗೊತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಡಾಕ್ಟರು ಹಿಂದಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತು ಬಲಗೈ ಚಾಚಿದರು. ಬೆರಳುಗಳು ನಡುಗುತ್ತಿದ್ದವು.

"ಬಾಗಿಲು ಹಾಕ್ತೀನಿ ಕಣಯ್ಯ. ಈ ಕೈಯಲ್ಲಿ ಸೂಜಿ ಹಿಡಿದು ಇನ್ನೊಬ್ಬರ ಬಾಯಿಗೆ ಹೋಗೋದು ತಪ್ಪು. ನಿನ್ನನ್ನ ನಡುನೀರಲ್ಲಿ ಬಿಡಲ್ಲ. ಎರಡು ಕಡೆ ವಿಚಾರಿಸಿದ್ದೀನಿ."

ಒಂದು, ದೊಡ್ಡ ನಗರದ ಲ್ಯಾಬು. ನೂರಾರು ಆಸ್ಪತ್ರೆಗಳಿಗೆ ಹಲ್ಲು ಮಾಡಿ ಕಳಿಸುವ ಜಾಗ, ಅರವತ್ತು ಜನ ಕೆಲಸಗಾರರು. ಇನ್ನೊಂದು, ಸಮುದ್ರದ ದಡದ ಒಂದು ಸಣ್ಣ ಊರು. ಡಾಕ್ಟರ ಹಳೆಯ ಶಿಷ್ಯೆಯೊಬ್ಬಳು ಅಲ್ಲಿ ಆಸ್ಪತ್ರೆ ತೆರೆದಿದ್ದಳು, ಅವಳಿಗೆ ಕೈಕೆಲಸ ಬಲ್ಲವನೊಬ್ಬ ಬೇಕಿತ್ತು.

ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿ ಒಳಗೆ ಹೋಗಿ ಪತ್ರಿಕೆಯಿಂದ ಕತ್ತರಿಸಿಟ್ಟ ಒಂದು ಚೂರು ತಂದಳು. ಆ ನಗರದಲ್ಲೇ ಒಂದು ನರ್ಸಿಂಗ್ ಶಾಲೆ. ಅರ್ಧಕ್ಕೆ ಬಿಟ್ಟವರಿಗೆ ವರ್ಷಕ್ಕೊಂದು ವಿಶೇಷ ತರಗತಿ. ನಲವತ್ತೆರಡು ವಯಸ್ಸಿನ ಒಳಗಿರಬೇಕು.

"ನನಗೆ ನಲವತ್ತೊಂದು ತುಂಬಿದೆ" ಎಂದಳು. "ಈ ಸಲ ಆದ್ರೆ ಆಯ್ತು." ಅಷ್ಟು ಹೇಳಿ, ಹೆಚ್ಚಾಯಿತೇನೋ ಎಂಬಂತೆ, "ಆದ್ರೆ ನಿಮಗೆ ಎಲ್ಲಿ ಒಗ್ಗುತ್ತೋ ಅಲ್ಲಿಗೇ ಹೋಗೋಣ. ಕೆಲಸ ಮಾಡೋರು ನೀವು" ಎಂದಳು.

ಲ್ಯಾಬಿನವರ ಅರ್ಜಿಯನ್ನು ತುಂಬಿದ್ದೂ ಅವಳೇ. ಹಲ್ಲಣ್ಣನ ಅಕ್ಷರ ಮಸಿಯಲ್ಲಿ ಅದ್ದಿದ ಇರುವೆ ಓಡಾಡಿದ ಹಾಗೆ. 'ಕಂಪ್ಯೂಟರ್ ಬರುತ್ತದೆಯೇ?' ಎಂಬ ಸಾಲು ಬಂದಾಗ ಅವನು, "ಸ್ವಲ್ಪ ಅಂತ ಹಾಕು" ಎಂದ.

"ಸ್ವಲ್ಪ ಎಲ್ಲಿ ಬರುತ್ತೆ ರೀ? ಆನ್ ಮಾಡೋಕೂ ಮಗಳನ್ನ ಕೂಗ್ತೀರಿ. 'ಇಲ್ಲ, ಕಲಿಯುತ್ತೇನೆ' ಅಂತ ಬರೀತೀನಿ. ಇರೋದು ಇದ್ದ ಹಾಗೆ ಹೇಳಿದ್ರೆ ಯಾರೂ ತಲೆ ತೆಗೆಯಲ್ಲ."

ಹಾಗೇ ಬರೆದಳು, ದುಂಡಗೆ.

ಮೊದಲು ನಗರಕ್ಕೆ ಹೋದ. ಲ್ಯಾಬು ನಾಲ್ಕನೇ ಮಹಡಿಯಲ್ಲಿ. ಮೇಣದ ವಾಸನೆಯೇ ಇಲ್ಲದ ಹಲ್ಲಿನ ಕೋಣೆಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಸಾಲುಸಾಲು ಪರದೆಗಳ ಮುಂದೆ ಮಗಳಿಗಿಂತ ಎಂಟು ಹತ್ತು ವರ್ಷವಷ್ಟೇ ದೊಡ್ಡವರಾದ ಹುಡುಗ ಹುಡುಗಿಯರು. ಪರದೆಯ ಮೇಲೆ ಯಾರದೋ ದವಡೆ ಗಾಳಿಯಲ್ಲಿ ತಿರುಗುತ್ತಿತ್ತು. ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಯಂತ್ರ ಬಿಳಿಯ ಗಟ್ಟಿಯನ್ನು ಕೊರೆದು ಕೊರೆದು ಇಪ್ಪತ್ತು ನಿಮಿಷಕ್ಕೊಂದು ಹಲ್ಲು ಉದುರಿಸುತ್ತಿತ್ತು. ಮೇಲ್ವಿಚಾರಕಿ ಅವನನ್ನು ಕೂರಿಸಿ ಮೌಸು ಕೈಗಿಟ್ಟಳು. ಕೂದಲೆಳೆಯಷ್ಟು ಲೆಕ್ಕ ತಪ್ಪದ ಕೈ ಅದು. ಬಾಣದ ಗುರುತು ಮಾತ್ರ ಹೆದರಿದ ಕೋಳಿಯಂತೆ ಪರದೆಯ ಆ ಮೂಲೆಯಿಂದ ಈ ಮೂಲೆಗೆ ಓಡಿತು. ಹಿಂದೆ ಯಾರೋ ನಕ್ಕರು. ಬೇರೆ ಯಾವುದಕ್ಕೋ ನಕ್ಕಿದ್ದು, ಆದರೂ ಅವನ ಕಿವಿ ಬಿಸಿಯಾಯಿತು.

"ಮೂರು ತಿಂಗಳಲ್ಲಿ ಕಲಿತುಬಿಡ್ತೀರಿ ಸಾರ್" ಎಂದಳು ಮೇಲ್ವಿಚಾರಕಿ, ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದ. "ನಿಮ್ಮ ಕೈಕೆಲಸ ನೋಡಿದ್ದೀವಿ, ಅಂಥವರು ನಮಗೆ ಬೇಕು. ಅರ್ಜೀಲಿ 'ಇಲ್ಲ, ಕಲಿಯುತ್ತೇನೆ' ಅಂತ ಬರೆದಿದ್ರಲ್ಲ, ಅದು ತುಂಬ ಹಿಡಿಸ್ತು. ಒಂದನೇ ತಾರೀಖಿಗೆ ಬಂದುಬಿಡಿ."

"ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ" ಎಂದು ಎದ್ದ.

ರೈಲಿನಲ್ಲಿ ಕಿಟಕಿ ಪಕ್ಕ ಕೂತವನಿಗೆ ಇಪ್ಪತ್ಮೂರರ ಹುಡುಗಿಯ ಮುಂದೆ ಅ ಆ ಇ ಈ ಕಲಿಯುವ ತನ್ನ ಚಿತ್ರವೇ ಕಣ್ಣಿಗೆ ಕಟ್ಟಿತು. ನಲವತ್ತಾರು ವರ್ಷ ವಯಸ್ಸು, ನೂರಾರು ಮುದುಕರು 'ನಿನ್ನ ಕೈ ತಣ್ಣಗಿರಲಿ' ಎಂದು ಹರಸಿದ ಕೈ, ಈಗ ಇಲಿಬಾಲದಂಥ ತಂತಿ ಹಿಡಿದು ಪರದಾಡಬೇಕೇ?

ಮನೆಯಲ್ಲಿ "ತಿಳಿಸ್ತೀವಿ ಅಂದಿದ್ದಾರೆ" ಎಂದಷ್ಟೇ ಹೇಳಿ, ಮರುವಾರ ಸಮುದ್ರದ ಊರಿಗೆ ಹೋದ. ಎರಡೇ ಬೀದಿ, ಒಂದು ಶಾಲೆ, ಉಪ್ಪುಗಾಳಿಗೆ ತುಕ್ಕು ಹಿಡಿದ ಕಿಟಕಿ ಸರಳುಗಳು. ಆಸ್ಪತ್ರೆಯ ಹಿಂದೆ ಬೆಳಕು ತುಂಬಿದ ಒಂದು ಕೋಣೆ. ಮೇಜಿನ ಮೇಲೆ ಮೇಣ ಕರಗಿಸುವ ದೀಪ, ಅರಗಳು, ಬಣ್ಣ ನೋಡುವ ಹಲ್ಲಿನ ಪಟ್ಟಿ, ಎಲ್ಲ ಅವನು ಬಿಟ್ಟುಬಂದ ಹಾಗೇ. "ನಿಮ್ಮ ಬಗ್ಗೆ ಗುರುಗಳು ಹೇಳಿದ್ದಾರೆ ಅಣ್ಣ. ಈ ಕೋಣೆ ನಿಮ್ಮದು, ನಾನು ತಲೆ ಹಾಕಲ್ಲ" ಎಂದಳು ಡಾಕ್ಟರಮ್ಮ. ಅಲ್ಲಿಯ ಸ್ಟೂಲಿನ ಮೇಲೆ ಕೂತಾಗ ಎರಡು ವಾರದಿಂದ ಹಿಡಿದಿಟ್ಟ ಉಸಿರು ಹೊರಬಂತು.

ಮನೆಗೆ ಬಂದಾಗ ಹೆಂಡತಿ ಬಟ್ಟೆ ಒಣಗಿಹಾಕುತ್ತಿದ್ದಳು. "ಲ್ಯಾಬಿನವರು ಏನಾದ್ರೂ ತಿಳಿಸಿದ್ರಾ?" ಎಂದು ಕೇಳಿದಳು, ಒದ್ದೆ ದುಪ್ಪಟಿಯ ಆ ಬದಿಯಿಂದ. ಮುಖ ಕಾಣುತ್ತಿರಲಿಲ್ಲ. ಕಂಡಿದ್ದರೆ ಬಾಯಿ ಬರುತ್ತಿರಲಿಲ್ಲವೇನೋ.

"ಫೋನ್ ಮಾಡಿದ್ರು. ಬೇಡ ಅಂದ್ರು. ಕಂಪ್ಯೂಟರ್ ಬರೋರೇ ಬೇಕಂತೆ."

ದುಪ್ಪಟಿಯ ಆ ಬದಿಯಿಂದ ಅವಳು ಅಂಚನ್ನು ಜಗ್ಗಿ ನೇರ ಮಾಡಿದಳು. ಆಮೇಲೆ, "ಹೋಗ್ಲಿ ಬಿಡಿ. ಸಮುದ್ರ ಇದೆಯಲ್ಲ" ಎಂಬ ದನಿ ಬಂತು.

ಅದೇ ಸಂಜೆ ಅವನು ಬಸ್ ನಿಲ್ದಾಣದ ಹಿಂದೆ ನಿಂತು ಲ್ಯಾಬಿಗೆ ಫೋನ್ ಮಾಡಿದ. "ಯಾಕೆ ಸಾರ್?" ಎಂದು ಮೇಲ್ವಿಚಾರಕಿ ಕೇಳಿದಾಗ ನಾಲಿಗೆಗೆ ಸಿಕ್ಕಿದ್ದನ್ನು ಹೇಳಿಬಿಟ್ಟ: "ನಮ್ಮನೆಯವಳಿಗೆ ಇಷ್ಟ ಇಲ್ಲ."

ಊರು ಬದಲಾಯಿತು. ಹದಿಮೂರರ ಮಗಳು ಒಂದು ವಾರ ಮುಖ ಊದಿಸಿಕೊಂಡು, ಎರಡನೇ ವಾರಕ್ಕೆ ಇಬ್ಬರು ಗೆಳತಿಯರನ್ನು ಸಂಪಾದಿಸಿದಳು, ಮೂರನೇ ವಾರದಿಂದ ಅವಳು ಮನೆಯಲ್ಲಿ ಸಿಗುವುದೇ ಕಷ್ಟವಾಯಿತು. ಕೆಲಸ ಹಲ್ಲಣ್ಣನ ಕೈಹಿಡಿಯಿತು. ಮನಸ್ಸು ಮಾತ್ರ ಹಿಡಿತಕ್ಕೆ ಬರಲಿಲ್ಲ. ಹೆಂಡತಿ ಮಧ್ಯಾಹ್ನದ ಹೊತ್ತು ಕೈಕಟ್ಟಿ ಕಿಟಕಿಯಲ್ಲಿ ನಿಂತಿದ್ದರೆ ಅವನು ಕಣ್ಣು ತಪ್ಪಿಸಿ ಒಳಗೆ ಹೋಗುತ್ತಿದ್ದ. ತಪ್ಪನ್ನು ಮುಚ್ಚಿಕೊಳ್ಳಲು ಇಲ್ಲದ ಉಪಚಾರ ಶುರುವಿಟ್ಟುಕೊಂಡ. ಬೆಳಿಗ್ಗೆ ಎದ್ದು ಚಹಾ ಮಾಡಿಕೊಟ್ಟ. ಪಾತ್ರೆ ತೊಳೆದ. ಬಟ್ಟೆ ಮಡಿಸಿದ, ಅದೂ ತಪ್ಪಾಗಿ. "ಏನ್ರೀ ನಿಮಗೆ? ಮೈ ಸರಿ ಇದೆ ತಾನೇ?" ಎಂದು ಅವಳು ಹಣೆ ಮುಟ್ಟಿ ನೋಡಿದಳು. ಆ ಅಂಗೈಯ ತಂಪಿಗೆ ಅವನು ಇನ್ನಷ್ಟು ಕುಗ್ಗಿದ.

ಐದು ತಿಂಗಳಾದ ಮೇಲೆ ಒಂದು ಭಾನುವಾರ ಇಬ್ಬರೂ ದಡದ ಕಟ್ಟೆಯ ಮೇಲೆ ಕೂತಿದ್ದರು. ಮಗಳು ಗೆಳತಿಯರ ಜೊತೆ ದೂರದಲ್ಲಿ ನೀರಿಗೆ ಕಾಲು ಕೊಟ್ಟು ಕಿರುಚುತ್ತಿದ್ದಳು. ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತಿ, "ಒಂದು ಮಾತು. ಬಯ್ಯಬಾರದು" ಎಂದಳು.

"ಏನು?"

"ಆ ಅರ್ಜಿ. ನೀವು ಸ್ವಲ್ಪ ಅಂತ ಬರಿ ಅಂದ್ರಿ. ನಾನು ದೊಡ್ಡ ಸತ್ಯವಂತೆ ಥರ 'ಇಲ್ಲ' ಅಂತ ಬರೆದೆ. ಅದಕ್ಕೇ ತಾನೇ ಅವರು ಬೇಡ ಅಂದಿದ್ದು? ನಿಮ್ಮ ಅಷ್ಟು ದೊಡ್ಡ ಕೆಲಸಾನ ನಾನೇ ಕಳೆದೆ. ನೀವು ಒಂದು ದಿನಾನೂ ಎತ್ತಿ ಆಡಲಿಲ್ಲ. ಮೇಲಿಂದ ಚಹಾ ಮಾಡಿಕೊಡ್ತೀರಿ. ಕುಡಿಯೋಕೆ ಗಂಟಲಲ್ಲಿ ಇಳಿಯಲ್ಲ ನನಗೆ."

ಹಲ್ಲಣ್ಣನಿಗೆ ಕೂತ ಕಟ್ಟೆ ಜಾರಿದಂತಾಯಿತು. ತಾನೊಬ್ಬನೇ ಹೊತ್ತಿದ್ದೇನೆ ಅಂದುಕೊಂಡ ಭಾರವನ್ನು ಅವಳೂ ಹೊತ್ತಿದ್ದಳು, ಅದೂ ಮಾಡದ ತಪ್ಪಿಗೆ. ಈಗಲೂ ಸುಮ್ಮನಿರಬಹುದಿತ್ತು. 'ಹೋಗ್ಲಿ ಬಿಡೇ' ಎಂದು ದೊಡ್ಡ ಮನಸ್ಸು ತೋರಿಸಿ ಎದ್ದು ಬರಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು, ಬಂದದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಅವರು ಬೇಡ ಅನ್ನಲಿಲ್ಲ ಕಣೇ."

"ಅಂದ್ರೆ?"

"ಬಾ ಅಂದ್ರು. ಅವತ್ತೇ ಅಂದ್ರು. ನೀನು ಬರೆದಿದ್ದು ಹಿಡಿಸ್ತು ಅಂತಾನೂ ಅಂದ್ರು. ನಾನೇ ಬರಲ್ಲ ಅಂದೆ. ಭಯ ಆಯ್ತು. ಆ ಮಕ್ಕಳ ಮುಂದೆ ದಡ್ಡ ಆಗ್ತೀನಿ ಅನ್ನಿಸ್ತು." ಇಷ್ಟು ಹೇಳಿದವನು ಉಳಿದದ್ದನ್ನೂ ಹೇಳಿಬಿಟ್ಟ. "ಅವರ ಹತ್ರ ನಿನ್ನ ಹೆಸರು ಹೇಳಿದೆ. ನಿನಗೆ ಇಷ್ಟ ಇಲ್ಲ ಅಂದೆ."

ಅವಳು ಎದ್ದು ಸೀರೆಗೆ ಹತ್ತಿದ ಮರಳು ಕೊಡವಿ, ಮಗಳನ್ನು ಕರೆದುಕೊಂಡು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಅವನೆದುರಿಗೇ ನರ್ಸಿಂಗ್ ಶಾಲೆಗೆ ಫೋನ್ ಮಾಡಿದಳು. ಈ ಸಲದ ತರಗತಿ ಶುರುವಾಗಿ ತಿಂಗಳುಗಳೇ ಆಗಿದ್ದವು. ಮುಂದಿನ ಸಲಕ್ಕೆ ಅವಳ ವಯಸ್ಸು ನಾಲ್ಕು ತಿಂಗಳು ಮೀರುತ್ತಿತ್ತು. "ಸರಿ, ಥ್ಯಾಂಕ್ಸ್" ಎಂದು ಫೋನ್ ಇಟ್ಟು ಅಡುಗೆಮನೆಗೆ ಹೋದಳು. ಹಲ್ಲಣ್ಣ ತಾನೇ ಇನ್ನೊಮ್ಮೆ ಫೋನ್ ಮಾಡಿ ಬೇಡಿಕೊಂಡ, ತಪ್ಪು ನನ್ನದು ಎಂದು ಕಾಗದವನ್ನೂ ಬರೆದ. ನಿಯಮ ನಿಯಮವೇ ಎಂಬ ಉತ್ತರ ಬಂತು.

ಹನ್ನೊಂದು ದಿನ ಮನೆಯ ಮಾತೆಲ್ಲ ಮಗಳ ಮೂಲಕ ನಡೆಯಿತು. "ನಿಮ್ಮಪ್ಪನಿಗೆ ಹೇಳು, ಊಟ ಆರ್ತಿದೆ." ಅಪ್ಪ ಎರಡು ಮಾರು ದೂರದಲ್ಲೇ ಇರುತ್ತಿದ್ದ. "ಅಪ್ಪ, ಊಟ ಆರ್ತಿದೆಯಂತೆ. ನನಗೆ ಈ ಪೋಸ್ಟ್‌ಮನ್ ಕೆಲಸ ಸಾಕಾಯ್ತು. ಏನಾಯ್ತು ಅಂತ ಒಬ್ಬರಾದ್ರೂ ಹೇಳಿ" ಎಂದು ಮಗಳು ತಟ್ಟೆ ಕುಕ್ಕಿದಳು.

"ಕೇಳು ಅವರನ್ನೇ" ಎಂದಳು ತಾಯಿ.

ಹಲ್ಲಣ್ಣ ಮಗಳಿಗೂ ಹೇಳಿದ, ಒಂದನ್ನೂ ಬಿಡದೆ. ಮಗಳು ಅವನನ್ನು ದಿಟ್ಟಿಸಿ ನೋಡಿ, "ನಾನು ಪರೀಕ್ಷೆ ಮಾರ್ಕ್ಸ್ ಮುಚ್ಚಿಟ್ಟಾಗ ಎಷ್ಟು ದೊಡ್ಡ ಭಾಷಣ ಬಿಗಿದಿದ್ದೆ ನೀನು" ಎಂದಳು.

ಆಗ ಹೆಂಡತಿ ನೇರವಾಗಿ ಮಾತಾಡಿದಳು. "ಭಯ ಆಗ್ತಿದೆ ಅಂತ ನನಗೆ ಹೇಳಿದ್ದಿದ್ರೆ, ನಾನೇ ಸಮುದ್ರದ ಕಡೆ ಹೋಗೋಣ ಅಂತಿದ್ದೆನೋ ಏನೋ. ಇಲ್ಲ, ಹಟ ಹಿಡಿದು ಕರ್ಕೊಂಡು ಹೋಗ್ತಿದ್ದೆನೋ. ಗೊತ್ತಿಲ್ಲ. ಇನ್ನು ಯಾವತ್ತೂ ಗೊತ್ತಾಗಲ್ಲ. ಅದೇ ನನಗೆ ತಡೆಯೋಕಾಗ್ತಿಲ್ಲ." ತಟ್ಟೆ ಎತ್ತಿಕೊಂಡು, "ಮತ್ತೆ ಆ ಚಹಾ. ನಾಳೆಯಿಂದ ಮಾಡಬೇಡಿ. ಚೆನ್ನಾಗೂ ಇರಲ್ಲ" ಎಂದಳು.

ಅದಾಗಿ ಮೂರು ವರ್ಷ. ಈಗ ಅವಳು ಆ ಊರಿನ ಶಾಲೆಯ ಪಕ್ಕದ ಸಣ್ಣ ಆರೋಗ್ಯ ಕೇಂದ್ರದಲ್ಲಿ ಸಹಾಯಕಿ. ಗಾಯ ತೊಳೆಯುತ್ತಾಳೆ, ಮುದುಕರ ಬಿ.ಪಿ. ನೋಡುತ್ತಾಳೆ. ಯಾರಾದರೂ ಸಿಸ್ಟರ್ ಎಂದು ಕರೆದರೆ, "ನಾನು ಸಿಸ್ಟರ್ ಅಲ್ಲ, ಹೆಲ್ಪರ್" ಎಂದು ತಿದ್ದುತ್ತಾಳೆ, ನಗುತ್ತಲೇ. ಹಲ್ಲಣ್ಣನೊಂದಿಗೆ ಜಗಳವಿಲ್ಲ, ಮಾತಿದೆ, ನಗುವೂ ಉಂಟು. ಆದರೆ ಅವನು ಏನಾದರೂ ಸುದ್ದಿ ತಂದರೆ, "ಯಾರು ಹೇಳಿದ್ರು?" ಎಂದು ಕೇಳುವ ಹೊಸ ಅಭ್ಯಾಸವೊಂದು ಅವಳಿಗೆ ಅಂಟಿದೆ. ಬೇಕೆಂದು ಕೇಳುವುದಲ್ಲ, ಬಾಯಿಗೆ ತಾನಾಗಿ ಬರುತ್ತದೆ. ಪ್ರತಿ ಸಲವೂ ಅವನು ಉತ್ತರ ಕೊಡುತ್ತಾನೆ, ಯಾರು ಹೇಳಿದರು, ಎಲ್ಲಿ, ಎಷ್ಟು ಹೊತ್ತಿಗೆ.

ಮೊನ್ನೆ ಅವಳನ್ನು ಕರೆತರಲು ಕೇಂದ್ರಕ್ಕೆ ಹೋಗಿದ್ದ. ಹೊಸದಾಗಿ ಬಂದ ಕಾಂಪೌಂಡರ್ ಹೆಂಗಸು ಇವಳ ಕೈಚಳಕ ನೋಡಿ, "ಇಷ್ಟು ಚೆನ್ನಾಗಿ ಮಾಡ್ತೀರಲ್ಲ, ಅಕ್ಕ! ಯಾವುದಾದ್ರೂ ದೊಡ್ಡ ನಗರಕ್ಕೆ ಹೋಗೋದು ಬಿಟ್ಟು ಈ ಮೂಲೆಗೆ ಯಾಕೆ ಬಂದ್ರಿ?" ಎಂದು ಕೇಳಿದಳು.

"ಇವರಿಗೆ ಇಲ್ಲಿ ಕೆಲಸ ಸಿಕ್ತು" ಎಂದಳು ಅವಳು, ಪಟ್ಟಿಯ ಸುರುಳಿಯಿಂದ ಕಣ್ಣೆತ್ತದೆ.

ಬಾಗಿಲಲ್ಲಿ ನಿಂತ ಹಲ್ಲಣ್ಣ, "ಇಲ್ಲಮ್ಮ. ನಾನು ಸುಳ್ಳು ಹೇಳಿ ಕರ್ಕೊಂಡು ಬಂದೆ" ಎಂದ.

ಕಾಂಪೌಂಡರ್ ಹೆಂಗಸು ಅದನ್ನು ತಮಾಷೆ ಎಂದುಕೊಂಡು ಗಹಗಹಿಸಿ ನಕ್ಕಳು. ಹೆಂಡತಿ ಕತ್ತರಿ ಎತ್ತಿಕೊಂಡು ಪಟ್ಟಿಯನ್ನು ಅಳತೆಗೆ ಕತ್ತರಿಸಿದಳು.

"ನಿಜಾನೇ ಹೇಳ್ತಿದ್ದಾರೆ" ಎಂದು, ಅವನ ಕಡೆ ತಿರುಗಿ, "ಹತ್ತು ನಿಮಿಷ ಕೂತ್ಕೊಳ್ಳಿ. ಇನ್ನೂ ಇಬ್ಬರಿದ್ದಾರೆ" ಎಂದಳು.