ಎಣ್ಣೆಯ ಸ್ವಭಾವ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಎಣ್ಣೆ ಅಕ್ಕ ಎನ್ನುತ್ತಿದ್ದರು. ಟ್ರಾನ್ಸ್‌ಫಾರ್ಮರ್‌ಗಳ ಒಳಗಿನ ಎಣ್ಣೆಯನ್ನು ಗಾಜಿನ ಸಿರಿಂಜಿನಲ್ಲಿ ತರಿಸಿಕೊಂಡು, ಅದರಲ್ಲಿ ಕರಗಿದ ಅನಿಲಗಳನ್ನು ಅಳೆದು, ಒಳಗೇನು ಕೆಟ್ಟಿದೆ ಎಂದು ಹೇಳುವುದು ಅವಳ ಕೆಲಸ. ಸುಮ್ಮಸುಮ್ಮನೆ ಸಿಡುಕುವ ಹೆಂಗಸಲ್ಲ. ಆದರೆ ಆಸ್ಪತ್ರೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆಯಲ್ಲಿ ಅಸಿಟಿಲೀನ್ ಅನಿಲ ಇದೆ ಎಂದು ಫೋನ್ ಮಾಡಿದಾಗ ಅಣ್ಣ ನಕ್ಕನಲ್ಲ, ಆಗಿನಿಂದ ಅವಳ ಮೈ ಉರಿಯುತ್ತಿತ್ತು.

ಅಣ್ಣ ಆ ಆಸ್ಪತ್ರೆಯ ಕರೆಂಟಿನ ಕೆಲಸಕ್ಕೆಲ್ಲ ಮೇಸ್ತ್ರಿ. ಅಲ್ಲಿನ ಟ್ರಾನ್ಸ್‌ಫಾರ್ಮರಿನಲ್ಲಿರುವುದು ಮಾಮೂಲಿ ಖನಿಜ ಎಣ್ಣೆಯಲ್ಲ, ಕಾಳಿನಿಂದ ತೆಗೆದ ಎಣ್ಣೆ. ಅದು ಮೊದಲ ಸಲ ಪರೀಕ್ಷೆಗೆ ಬಂದಾಗ ಈಥೇನ್ ಅನಿಲ ಹೆಚ್ಚಿತ್ತು. ಖನಿಜ ಎಣ್ಣೆಯ ಲೆಕ್ಕವನ್ನೇ ಇದಕ್ಕೂ ಹಿಡಿದು, ಒಳಗೆ ಎಲ್ಲೋ ವಿಪರೀತ ಬಿಸಿಯಾಗುತ್ತಿದೆ ಎಂದುಬಿಟ್ಟಳು. ಅಣ್ಣ ಟ್ಯಾಂಕ್ ಬಿಚ್ಚಿಸಿದ. ಒಳಗೆ ಎಲ್ಲವೂ ಹೊಸದರಂತೆ ಹೊಳೆಯುತ್ತಿತ್ತು. ಈ ಎಣ್ಣೆ ಏನೂ ಕೆಡದಿದ್ದರೂ ಈಥೇನ್ ಬಿಡುತ್ತದೆ, ಅದು ಅದರ ಸ್ವಭಾವ ಎಂದು ಆಮೇಲೆ ಅವಳೇ ಎಲ್ಲರಿಗೂ ತಿಳಿಸಿ ಹೇಳಿದಳು. ಅಣ್ಣ ಅಷ್ಟನ್ನು ಗಿಳಿಪಾಠ ಮಾಡಿಕೊಂಡ.

ಬಸ್ಸಿಳಿದವಳು ಸೀದಾ ಸ್ವಿಚ್ಚುಗಳ ಕೋಣೆಗೆ ನುಗ್ಗಿದಳು. ಹಿಂಬಾಗಿಲಾಚೆ, ತಂತಿಬಲೆಯ ಒಳಗೆ, ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತಿತ್ತು. ಬಲೆಗೆ ತಾಗಿಸಿ ಒಂದು ಮರದ ಕುರ್ಚಿ. ಅಲ್ಲಿ ನೆರಳಿದೆ, ಗಾಳಿ ಬರುತ್ತದೆ ಎಂದು ಅಣ್ಣ ದಿನಾ ಊಟ ಮಾಡುವುದು ಅದರ ಮೇಲೇ.

“ಬಂದ್ಯಾ ತಾಯಿ,” ಅಂದ ಕೋಣೆಯೊಳಗಿದ್ದ ಅಣ್ಣ. “ಮತ್ತೆ ಗ್ಯಾಸ್ ಪುರಾಣನಾ?”

“ಆಫ್ ಮಾಡಣ್ಣ.”

“ಆ ಎಣ್ಣೆಗೆ ಹೊಟ್ಟೆಯುಬ್ಬರ ಕಣೆ. ಅದರ ಸ್ವಭಾವ. ನೀನೇ ಹೇಳಿದ್ದು.”

“ನಾನು ಹೇಳಿದ್ದು ಈಥೇನ್ ವಿಷಯ. ಇದು ಅಸಿಟಿಲೀನ್. ಕಿಡಿ ಹಾರದೆ ಇಷ್ಟು ಬರಲ್ಲ, ಎಣ್ಣೆ ಯಾವುದಾದ್ರೂ ಅಷ್ಟೇ. ನಿನ್ನೆಗಿಂತ ಇವತ್ತು ಜಾಸ್ತಿ ಇದೆ. ಹೀಗೇ ಬಿಟ್ರೆ ಟ್ಯಾಂಕೇ ಸಿಡಿಯುತ್ತೆ.”

“ಹೋದ ಸಲ ನಿನ್ನ ಮಾತು ಕೇಳಿ ಬಿಚ್ಚಿದೆ. ಇವತ್ತಿಗೂ ಎಲ್ಲರೂ, ತಂಗಿ ಏನಂದ್ರು ಮೇಸ್ತ್ರಿ ಅಂತ ಹಲ್ಲು ಕಿರೀತಾರೆ. ಇನ್ನೊಂದು ಸಲ ಮಂಗ ಆಗಲ್ಲ ನಾನು. ಮುಂದಿನ ವಾರ ನೋಡೋಣ.”

ತನ್ನ ತಪ್ಪಿನ ಮೇಲೂ, ಅದನ್ನೇ ಗುರಾಣಿ ಮಾಡಿಕೊಂಡ ಅವನ ಮೇಲೂ ಒಟ್ಟೊಟ್ಟಿಗೆ ಸಿಟ್ಟು ಉಕ್ಕಿತು. ಹಿಂಬಾಗಿಲಿನಿಂದ ಹೊರಗೆ ಹೋದಳು. ಆ ಕುರ್ಚಿಯ ಮೇಲೆ ಕೂತಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

“ಅಲ್ಲೇನ್ ಮಾಡ್ತಿದ್ದೀಯ?”

“ಮುಂದಿನ ವಾರದ ತನಕ ಇಲ್ಲೇ ಇರ್ತೀನಿ.”

“ಹುಚ್ಚಾಟ ಆಡಬೇಡ. ಏಳು. ಅದರ ಹತ್ರ ಕೂರಬೇಡ.”

“ಯಾಕಣ್ಣ? ಸ್ವಭಾವ ತಾನೇ?”

ಅಣ್ಣ ಅವಳನ್ನೊಮ್ಮೆ, ಅವಳ ಬೆನ್ನ ಹಿಂದಿನ ಟ್ಯಾಂಕನ್ನೊಮ್ಮೆ ನೋಡಿದ. ಏನೋ ಬೈದುಕೊಳ್ಳುತ್ತ ಒಳಗೆ ಹೋಗಿ, ಜನರೇಟರ್ ಹಾಕಿಸಿ, ಟ್ರಾನ್ಸ್‌ಫಾರ್ಮರನ್ನು ಆರಿಸಿದ. ಗುಂಯ್ ನಿಂತಿತು.

ಟ್ಯಾಂಕ್ ಬಿಚ್ಚುವ ಹೊತ್ತಿಗೆ ಸಂಜೆ. ಒಳಗೆ ಒಂದು ಜೋಡಣೆ ಸಡಿಲವಾಗಿ, ಕಿಡಿ ಹಾರಿ ಹಾರಿ, ತಾಮ್ರ ಕರಕಲಾಗಿತ್ತು. ಅಣ್ಣ ಎಣ್ಣೆಗೈಯಲ್ಲೇ ಆ ತುಂಡನ್ನು ತಂದು ಅವಳ ಮುಂದೆ ಹಿಡಿದ.

“ಊಟ ಮಾಡಿದ್ಯಾ?” ಎಂದ ಕೊನೆಗೆ.

ದೇವರು ಕಾಪಾಡಿದ ಎಂದು ಅವಳ ಮನಸ್ಸು ಕೈಮುಗಿಯುತ್ತಿತ್ತು. ನಾಲಿಗೆ ಮಾತ್ರ ಇನ್ನೂ ತಣಿದಿರಲಿಲ್ಲ.

“ಆ ಕುರ್ಚಿ ಇನ್ನೊಂದು ಸಲ ಅಲ್ಲಿ ಕಾಣಲಿ, ಮುರಿದು ಒಲೆಗೆ ಹಾಕ್ತೀನಿ.”