ಒಂದೇ ತಗಡಿನ ಮೇಲೆ ಬರೆದ ಕುದುರೆ

ಮೊನ್ನೆ ತುಮಕೂರಿನ ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಯುವವರು ಟರ್ಪೆಂಟೈನ್ ಡಬ್ಬಿ ತೆರೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕುಣಿಗಲ್ಲಿನ ಪೇಂಟರ್ ಸಾಹೇಬರು ನೆನಪಾದರು...

ಫ್ಲೆಕ್ಸ್ ಬಂದ ಹೊಸತು. ನಾನು ಅಲ್ಲೊಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಕೆಳಗಿನ ಮಳಿಗೆಯಲ್ಲಿ ಸಾಹೇಬರು ಅಂಗಡಿಗಳ ಬೋರ್ಡ್ ಬರೆಯುತ್ತಿದ್ದರು. ಕೆಲಸ ಕಡಿಮೆಯಾಗಿತ್ತು, ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ನನಗೋ ಕಥೆ ಕಟ್ಟುವ ಹುಚ್ಚು. ಇಬ್ಬರೂ ಸೇರಿ ಇಂಟರ್‌ನೆಟ್ಟಿನಲ್ಲಿ ಕಾಮಿಕ್ಸ್ ಥರದ ಒಂದು ಚಿತ್ರಕಥೆ ಶುರುಮಾಡಿದೆವು. ಸ್ಟಡ್ ಫಾರ್ಮಿನಿಂದ ತಪ್ಪಿಸಿಕೊಂಡ ಕುದುರೆ, ಅದರ ಬೆನ್ನೇರಿದ ಹುಡುಗಿ, ಕೆರೆಯಾಚೆಯ ಕಾಡು, ಕಳ್ಳರು... ವಾರಕ್ಕೆ ನಾಲ್ಕು ಚೌಕ. ಓದುವವರು ಹತ್ತೋ ಹನ್ನೆರಡೋ ಮಂದಿ. ಅವರಲ್ಲೊಬ್ಬರು ದುಬೈಯಿಂದ ಮೆಚ್ಚಿ ಬರೆದ ದಿನ ಸಾಹೇಬರು ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಟೀ ಕುಡಿಸಿದರು.

ಕಾಗದದ ಮೇಲೆ ಅವರ ಕೈ ಓಡುತ್ತಿರಲಿಲ್ಲ. ತಗಡೇ ಬೇಕು, ಆಯಿಲ್ ಪೇಂಟೇ ಬೇಕು. ಭಾನುವಾರ ನಾನು ನೆಟ್‌ಗೆ ಹಾಕಲು ಫೋಟೋ ತೆಗೆದುಕೊಂಡ ಮೇಲೆ ಅದೇ ತಗಡಿಗೆ ಬಿಳಿ ಬಣ್ಣ ಹೊಡೆದು ಮುಂದಿನ ಕಂತು ಬರೆಯುತ್ತಿದ್ದರು. ಹಳೇ ಬೋರ್ಡಿನ ಮೇಲೆ ಹೊಸದು ಬರೆಯುವುದು ಅವರ ಕಸುಬಿನ ರೂಢಿ. ಒಮ್ಮೆ ಅಳಿಸಬೇಡಿ ಎಂದೆ.

"ನೀವೇ ಹೇಳಿದ್ರಲ್ಲಾ ಮೇಡಮ್, ನೆಟ್‌ಗೆ ಹಾಕಿದ್ದು ಯಾವತ್ತೂ ಅಳ್ಸೋಗಲ್ಲ ಅಂತ. ಇನ್ಯಾಕೆ ತಗಡು ವೇಸ್ಟ್ ಮಾಡೋದು?"

ಹೇಳಿದ್ದು ನಾನೇ. ಅರ್ಧ ತಿಳಿದವರ ಧೈರ್ಯವೇ ದೊಡ್ಡದು. ಅದನ್ನೇ ನಂಬಿ ನಾನೂ ಕ್ಯಾಮೆರಾದ ಕಾರ್ಡನ್ನು ವಾರವಾರ ಖಾಲಿ ಮಾಡುತ್ತಿದ್ದೆ.

ಮದುವೆಯಾಗಿ ತುಮಕೂರಿಗೆ ಬಂದೆ, ಕಥೆ ಅರ್ಧಕ್ಕೇ ನಿಂತಿತು. ಕೊನೆಯ ಕಂತಿನ ತಗಡೂ ಯಾವುದೋ ಹೋಟೆಲಿನ ಬೋರ್ಡಾಯಿತಂತೆ. ಕೆಲವು ವರ್ಷಗಳ ನಂತರ ಸಾಹೇಬರು ಪುಟ್ಟ ಮೊಮ್ಮಗಳೊಂದಿಗೆ ಮನೆಗೆ ಬಂದರು. ಲಕ್ವ ಹೊಡೆದು ಬಲಗೈ ಜೋತುಬಿದ್ದಿತ್ತು.

"ನಾನು ಚಿತ್ರ ಬರೀತಿದ್ದೆ ಅಂದ್ರೆ ಇವ್ಳು ನಂಬ್ತಾನೇ ಇಲ್ಲ ಮೇಡಮ್. ಒಂದ್ಸಲ ತೋರ್ಸಿ" ಎಂದರು.

ಕಂಪ್ಯೂಟರ್ ತೆರೆದೆ. ಪುಟವೇ ಇರಲಿಲ್ಲ. ನಮಗೆ ಪುಕ್ಕಟೆ ಜಾಗ ಕೊಟ್ಟಿದ್ದ ವೆಬ್‌ಸೈಟೇ ಬಾಗಿಲು ಹಾಕಿತ್ತು. ಅವರ ಮುಖ ನೋಡಿ ನಿಜ ಹೇಳುವ ಧೈರ್ಯವಾಗಲಿಲ್ಲ. ಇವತ್ತು ನೆಟ್ ಬರುತ್ತಿಲ್ಲ ಎಂದುಬಿಟ್ಟೆ.

"ಇನ್ನೊಂದಿನ ಬರ್ತೀವಿ ಬುಡಿ. ಅದೆಲ್ಲಿಗೆ ಹೋಗ್ತದೆ" ಎಂದು ನಕ್ಕು, ಕಾಫಿ ಕುಡಿದು ಹೋದರು. ಮತ್ತೆ ಬರಲಿಲ್ಲ. ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಅವರು ಹೋದ ದುಃಖಕ್ಕಿಂತ ಆ ಸುಳ್ಳು ನನ್ನನ್ನು ಹೆಚ್ಚು ಚುಚ್ಚುತ್ತದೆ.

ಗೇಟಿಗೆ ಬಣ್ಣ ಹೊಡೆದ ದಿನ ಸಂಜೆ, ಅವರಿವರನ್ನು ಕೇಳಿ ನಂಬರ್ ಹುಡುಕಿ ಮೊಮ್ಮಗಳಿಗೆ ಫೋನ್ ಮಾಡಿದೆ. ಈಗ ಗುಬ್ಬಿಯಲ್ಲಿ ಟೀಚರ್ ಆಗಿದ್ದಾಳೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. ಕಥೆಯನ್ನಾದರೂ ಹೇಳಿ ಎಂದಳು. ಕಥೆ ನನ್ನದಲ್ಲವೇ, ನಿಂತಲ್ಲಿಯವರೆಗೂ ಒಂದೂ ಬಿಡದೆ ಹೇಳಿದೆ.

"ನಮ್ ತಾತ ಆ ಕುದ್ರೆಗೆ ಯಾವ ಬಣ್ಣ ಹಾಕಿದ್ರು ಆಂಟಿ?"

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ...